ಗ್ವಾಟೆಮಾಲಾ ಸಿಟಿ, ಸಾನ್ ಸಾಲ್ವಡಾರ್, ಸಾನ್ ಹೊಸೆ, ಪನಾಮಾ: 12 ದಿನದ ವ್ಯಾಪಾರದ ಓಡಾಟಕ್ಕೆ ಏನೇನು ತಯಾರಿ ಬೇಕು?

ಪೀಣ್ಯಪಂಪು:
ನಮ್ಮದು ನೀರಿನ ಮೊನೊಬ್ಲಾಕ್ ಪಂಪು, 1ರಿಂದ 7.5 ಎಚ್‌ಪಿವರೆಗೆ. ಮಧ್ಯ ಅಮೆರಿಕದಲ್ಲಿ ಡೀಲರ್ ಹುಡುಕೋಕೆ ಇಬ್ಬರು ಹೋಗೋದು ಅಂತಾಗಿದೆ. ಮಾರ್ಚ್‌ನಲ್ಲಿ 12 ದಿನ. ಶೀರ್ಷಿಕೆಯಲ್ಲಿರೋ ನಾಲ್ಕು ಊರು ಖಚಿತ, ಸಮಯ ಸಿಕ್ಕರೆ ನಿಕರಾಗುವಾದ ಮನಾಗುವಾ, ಹೊಂಡುರಾಸ್‌ನ ತೆಗುಸಿಗಾಲ್ಪಾ ಕೂಡ. ಇಬ್ಬರಿಗೂ ಅಮೆರಿಕದ ಬಿ1/ಬಿ2 (ವ್ಯಾಪಾರ, ಪ್ರವಾಸದ) ವೀಸಾ ಇದೆ, ಆದರೆ ಒಬ್ಬರು ಇನ್ನೂ ಅಮೆರಿಕಕ್ಕೆ ಹೋಗಿಯೇ ಇಲ್ಲ. ಇನ್ನೊಬ್ಬರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಒಬ್ಬರು ಮೊಟ್ಟೆಯನ್ನೂ ತಿನ್ನಲ್ಲ. ಸ್ಪ್ಯಾನಿಶ್ ಇಬ್ಬರಿಗೂ ಸೊನ್ನೆ. ವೀಸಾ, ದಾರಿ, ಕಾಗದಪತ್ರ, ಊಟ, ಯಾವುದು ಗೊತ್ತಿದ್ದರೂ ಬರೀರಿ.

ಏಲಕ್ಕಿಪೇಟೆ:
ಆರು ಊರಿನ ಆಸೆ ಮೊದಲು ಬಿಡಿ. 12 ದಿನಕ್ಕೆ ನಾಲ್ಕೇ ಜಾಸ್ತಿ. ನಕ್ಷೆಯಲ್ಲಿ ಎಲ್ಲಾ ಒತ್ತೊತ್ತಾಗಿ ಕಾಣುತ್ತೆ, ಹಾರಾಟವೂ ಒಂದೆರಡು ಗಂಟೆ ಅಷ್ಟೆ. ಆದರೆ ವಿಮಾನ ನಿಲ್ದಾಣಕ್ಕೆ ಹೋಗೋದು, ಕಾಯೋದು, ಇಮಿಗ್ರೇಶನ್ನು, ಸಂಜೆ ಟ್ರಾಫಿಕ್ಕು ಸೇರಿದರೆ ಪ್ರತಿ ಬದಲಾವಣೆಗೆ ಒಂದು ಕೆಲಸದ ದಿನ ಹೋಯ್ತು ಅಂತಲೇ ಲೆಕ್ಕ.

ತೆಗುಸಿಗಾಲ್ಪಾ ನಿಮಗೆ ಬೇಕೇ ಇಲ್ಲ. ಊರೊಳಗಿನ ಟೊಂಕೊಂಟಿನ್ ನಿಲ್ದಾಣದ ರನ್‌ವೇ ಗಿಡ್ಡ, ಸುತ್ತ ಗುಡ್ಡ. 2021ರ ಕೊನೆಯಲ್ಲಿ ಅಂತಾರಾಷ್ಟ್ರೀಯ ವಿಮಾನಗಳು ಕೊಮಯಾಗುವಾ ಹತ್ತಿರದ ಪಾಲ್ಮೆರೋಲಾಗೆ ಹೋದವು. ಅಲ್ಲಿಂದ ರಾಜಧಾನಿಗೆ ಸುಮಾರು 75 ಕಿ.ಮೀ., ಗುಡ್ಡದ ರಸ್ತೆ. ಹೊಂಡುರಾಸ್‌ನಲ್ಲಿ ಸರ್ಕಾರ ಇರೋದು ತೆಗುಸಿಗಾಲ್ಪಾದಲ್ಲಿ, ವ್ಯಾಪಾರ ಇರೋದು ಸಾನ್ ಪೆದ್ರೊ ಸುಲಾದಲ್ಲಿ. ಪುವೆರ್ತೊ ಕೊರ್ತೆಸ್ ಬಂದರು ಅದರ ಪಕ್ಕಕ್ಕೇ ಇದೆ. ಯಂತ್ರ ಮಾರೋರು ಮುಂದೊಂದು ಸಲ ನೇರ ಅಲ್ಲಿಗೆ ಹೋಗಬೇಕು. ಬೆಲೀಜ್ ಕಥೆಯೂ ಅದೇ. 1961ರ ಹ್ಯಾಟಿ ಚಂಡಮಾರುತದ ನಂತರ ಒಳನಾಡಿನಲ್ಲಿ ಕಟ್ಟಿದ ಬೆಲ್ಮೊಪಾನ್ 1970ರಿಂದ ರಾಜಧಾನಿ. ಅಂಗಡಿ, ಬ್ಯಾಂಕು, ಬಂದರು ಎಲ್ಲಾ ಹಳೇ ಬೆಲೀಜ್ ಸಿಟಿಯಲ್ಲೇ ಉಳಿದವು.

ಜಯನಗರ4ನೇಬ್ಲಾಕ್:
ಮಧ್ಯ ಅಮೆರಿಕಕ್ಕೆಲ್ಲ ಸೇರಿ ಒಂದೇ ವೀಸಾ ಅಲ್ಲವಾ? ಷೆಂಗನ್ ಥರ?

ಏಲಕ್ಕಿಪೇಟೆ:
ಅಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಬೋರ್ಡಿಂಗ್ ಕೌಂಟರ್‌ನಲ್ಲಿ ಜನ ಸಿಕ್ಕಿಹಾಕಿಕೊಳ್ಳೋದು. 2006ರ ಸಿಎ-4 ಒಪ್ಪಂದದಲ್ಲಿ ಇರೋದು ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕೇ. ನಾಲ್ಕೂ ದೇಶ ಸೇರಿ ಒಟ್ಟು 90 ದಿನ, ದೇಶಕ್ಕೆ 90 ಅಲ್ಲ. ಕೋಸ್ಟರಿಕಾ, ಪನಾಮಾ, ಬೆಲೀಜ್ ಇದರ ಹೊರಗೆ.

ನಿಮ್ಮ ನಾಲ್ಕು ದೇಶ ಒಂದೊಂದಾಗಿ:

ಕೋಸ್ಟರಿಕಾ (ಸಾನ್ ಹೊಸೆ ಇದರ ರಾಜಧಾನಿ): ಅಮೆರಿಕದ ಮಲ್ಟಿಪಲ್ ಎಂಟ್ರಿ ವೀಸಾ ಇದ್ದರೆ ಬೇರೆ ವೀಸಾ ಕೇಳಲ್ಲ. ಮುಂದಿನ ಪ್ರಯಾಣದ ಟಿಕೆಟ್ ಕೇಳೇ ಕೇಳ್ತಾರೆ.

ಪನಾಮಾ: ಅಮೆರಿಕದ ವೀಸಾ ನಡೆಯುತ್ತೆ, ಆದರೆ ಅದು ಮಲ್ಟಿಪಲ್ ಎಂಟ್ರಿ ಆಗಿರಬೇಕು ಮತ್ತು ಒಂದು ಸಲವಾದರೂ ಬಳಸಿರಬೇಕು. ನಿಮ್ಮಲ್ಲಿ ಒಬ್ಬರಿಗೆ ಇಲ್ಲೇ ತೊಡಕು. ಎರಡು ದಾರಿ ಇದೆ: ಹೋಗುವಾಗ ಅಮೆರಿಕದ ಒಂದು ಊರಿನಲ್ಲಿ ಇಳಿದು ಇಮಿಗ್ರೇಶನ್ ದಾಟಿ ಹೋಗೋದು, ಇಲ್ಲವೇ ದಿಲ್ಲಿಯ ಪನಾಮಾ ರಾಯಭಾರ ಕಚೇರಿಯಲ್ಲಿ ವೀಸಾ ತಗೊಳ್ಳೋದು. ಅಮೆರಿಕದಲ್ಲಿ ಬರೀ ವಿಮಾನ ಬದಲಾಯಿಸಿದರೂ ಭಾರತೀಯರು ಇಮಿಗ್ರೇಶನ್ ದಾಟಲೇಬೇಕು, ಆದ್ದರಿಂದ ಮೊದಲನೇ ದಾರಿ ಸುಲಭ. ಬಿ1/ಬಿ2 ಇರೋರಿಗೆ ಬೇರೆ ಟ್ರಾನ್ಸಿಟ್ ವೀಸಾ ಬೇಡ. ಪನಾಮಾದಲ್ಲಿ 500 ಡಾಲರಿಗೆ ಪುರಾವೆ ಕೇಳಬಹುದು, ಕಾರ್ಡಿನ ಸ್ಟೇಟ್‌ಮೆಂಟ್ ಮುದ್ರಿಸಿ ಇಟ್ಟುಕೊಳ್ಳಿ.

ಗ್ವಾಟೆಮಾಲಾ: ಅಮೆರಿಕದ ವೀಸಾ ಇಲ್ಲೂ ಕೆಲಸಕ್ಕೆ ಬರುತ್ತೆ. ಆದರೂ ದಿಲ್ಲಿ ಕಚೇರಿಗೆ ಇಮೇಲ್ ಮಾಡಿ, ಬಂದ ಉತ್ತರ ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಬೆಂಗಳೂರಿನ ಚೆಕ್-ಇನ್ ಕೌಂಟರಿನವರಿಗೆ ಈ ದೇಶಗಳು ಅಪರೂಪ. ಅವರು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದಾಗ ಆ ಕಾಗದವೇ ಗತಿ.

ಎಲ್ ಸಾಲ್ವಡಾರ್: ಇದನ್ನು ಎರಡು ಸಲ ಓದಿ. 2023ರ ಅಕ್ಟೋಬರ್‌ನಲ್ಲಿ ಭಾರತ ಮತ್ತು ಆಫ್ರಿಕಾ ದೇಶಗಳ ಪಾಸ್‌ಪೋರ್ಟಿನವರ ಮೇಲೆ ವಿಮಾನ ನಿಲ್ದಾಣದ ಶುಲ್ಕ ಹಾಕಿದರು: 1,000 ಡಾಲರ್, ಜೊತೆಗೆ 13% ವ್ಯಾಟ್, ಒಟ್ಟು 1,130. ಇಳಿಯೋರಿಗೆ ಮಾತ್ರ ಅಲ್ಲ, ಅಲ್ಲಿ ವಿಮಾನ ಬದಲಾಯಿಸೋರಿಗೂ. ಅಗ್ಗದ ಟಿಕೆಟ್ ಹುಡುಕಿದರೆ ಸಾನ್ ಸಾಲ್ವಡಾರ್ ಮೂಲಕದ್ದೇ ಸಿಗುತ್ತೆ, ಅವಿಯಾಂಕಾದ ಹಬ್ ಅದು. ಟಿಕೆಟ್ ಕೊಳ್ಳೋ ಮೊದಲು ಆ ದಿನಕ್ಕೆ ಶುಲ್ಕ ಜಾರಿಯಲ್ಲಿದೆಯೇ, ನಿಮ್ಮ ವೀಸಾಕ್ಕೆ ರಿಯಾಯಿತಿ ಇದೆಯೇ ಅಂತ ಏರ್‌ಲೈನ್‌ನಿಂದ ಬರವಣಿಗೆಯಲ್ಲಿ ತಗೊಳ್ಳಿ.

ಕಡಲತಡಿ:
ಆ ಶುಲ್ಕದ ಹಿಂದಿನ ಕಾರಣ ಗೊತ್ತಿದ್ದರೆ ಇಮಿಗ್ರೇಶನ್ ಕಿಟಕಿಯಲ್ಲಿ ಗೊಂದಲ ಆಗುವುದಿಲ್ಲ. ಅಮೆರಿಕದ ಗಡಿ ದಾಟಲಿಕ್ಕೆ ಈ ದೇಶಗಳನ್ನು ಮೆಟ್ಟಿಲು ಮಾಡಿಕೊಂಡವರು ಬಹಳ. 2023ರ ಡಿಸೆಂಬರಿನಲ್ಲಿ 303 ಪ್ರಯಾಣಿಕರನ್ನು, ಹೆಚ್ಚಿನವರು ಭಾರತೀಯರು, ಮನಾಗುವಾಕ್ಕೆ ಒಯ್ಯುತ್ತಿದ್ದ ಬಾಡಿಗೆ ವಿಮಾನವನ್ನು ಫ್ರಾನ್ಸಿನ ವಾತ್ರಿಯಲ್ಲಿ ತಡೆದು ನಿಲ್ಲಿಸಿದ್ದು ನೆನಪಿರಬಹುದು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಕಂಡ ಕೂಡಲೆ ನಾಲ್ಕು ಪ್ರಶ್ನೆ ಜಾಸ್ತಿ. ಹಿಂತಿರುಗುವ ಟಿಕೆಟ್, ಹೋಟೆಲ್ ಬುಕಿಂಗ್, ಸ್ಪ್ಯಾನಿಶ್‌ನಲ್ಲಿ ಆಮಂತ್ರಣ ಪತ್ರ, ಕಂಪನಿಯ ಕ್ಯಾಟಲಾಗ್ ನಾಲ್ಕನ್ನೂ ಒಂದೇ ಫೈಲಿನಲ್ಲಿಟ್ಟು, ಕೇಳುವ ಮೊದಲೇ ಮುಂದಿಡಿ. ಮೊಬೈಲಿನಲ್ಲಿ ತೋರಿಸುತ್ತೇನೆ ಅನ್ನಬೇಡಿ.

"ಬಿಸಿನೆಸ್" ಅಂತ ಹೇಳುವಾಗ ಮೀಟಿಂಗು, ಪ್ರದರ್ಶನ ಅಂತ ಮಾತ್ರ ಹೇಳಿ. ಪಂಪು ಜೋಡಿಸಿ ಚಾಲೂ ಮಾಡಿಕೊಡುವುದು ಅಲ್ಲಿ ಕೆಲಸದ ಲೆಕ್ಕ, ಅದಕ್ಕೆ ಬೇರೆ ಪರವಾನಗಿ.

ಇನ್ನೊಂದು, ಹಳದಿ ಜ್ವರ. ಪನಾಮಾ ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಉಂಟು. ಅಲ್ಲಿಂದ ಹೊರಟು 6 ದಿನದೊಳಗೆ ಇಲ್ಲಿ ಇಳಿದರೆ ಲಸಿಕೆ ಕಾರ್ಡ್ ತೋರಿಸಬೇಕು, ಇಲ್ಲವಾದರೆ ಪ್ರತ್ಯೇಕವಾಗಿ ಇಡುತ್ತಾರೆ. ಪನಾಮಾದ ಟೊಕುಮೆನ್ ವಿಮಾನ ನಿಲ್ದಾಣದೊಳಗೇ ವಿಮಾನ ಬದಲಾಯಿಸಿದವರಿಗೆ ವಿನಾಯಿತಿ ಇದೆ, ಆದರೆ ಆರೋಗ್ಯಾಧಿಕಾರಿ ಒಪ್ಪಿದರೆ ಮಾತ್ರ. ನಸುಕಿನ ಮೂರು ಗಂಟೆಗೆ ಅವರ ಹತ್ತಿರ ವಾದ ಮಾಡುವುದಕ್ಕಿಂತ ಸೂಜಿ ಹಾಕಿಸಿಕೊಳ್ಳುವುದು ವಾಸಿ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಆಗಬೇಕು, ಕಾರ್ಡ್ ಊರ್ಜಿತ ಆಗುವುದು 10 ದಿನದ ನಂತರ, ಒಂದೇ ಡೋಸ್, ಜೀವನಪೂರ್ತಿ. ಕಾರ್ಡಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬರೆಯುತ್ತಾರೆ, ಆಮೇಲೆ ಪಾಸ್‌ಪೋರ್ಟ್ ಬದಲಾದರೆ ಹಳೆಯದನ್ನೂ ಜೊತೆಗೆ ಒಯ್ಯಿರಿ.

ಕೊಲಂಬಿಯಾ, ಬ್ರೆಜಿಲ್ ಮೂಲಕ ಬರುವ ಅಗ್ಗದ ಟಿಕೆಟ್ ಕಂಡರೂ ಹುಷಾರು. ಅಲ್ಲಿಂದ ಬಂದವರಿಗೆ ಕೋಸ್ಟರಿಕಾ ಅದೇ ಕಾರ್ಡ್ ಕೇಳುತ್ತದೆ.

ಧಾರವಾಡದಸ್ತಾವೇಜು:
ಕಾಗದದ ವಿಷಯ ನಾ ಹೇಳ್ತೀನ್ರಿ. ಈ ಊರುಗಳೊಳಗ ಕಳ್ಳರಿಗೆ ಅಂಜೂದಕ್ಕಿಂತ ಕಾಗದಕ್ಕ ಅಂಜೂದು ಛಲೋ.

ಸರ್‌ನೇಮ್ ಖಾಲಿ ಇದ್ದವರದು ಮೊದಲ ನೋಡೋಣ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು, ಮೊದಲನೇದು ಅಪ್ಪಂದು, ಎರಡನೇದು ಅವ್ವಂದು. ಫಾರ್ಮ್‌ನ್ಯಾಗ ಎರಡಕ್ಕೂ ಜಾಗ ಇರ್ತದ. ನಮ್ಮ ಕಡೆ ಬರೇ "ಮಂಜುನಾಥ" ಅಂತಿದ್ರ ಅವರ ಕಂಪ್ಯೂಟರ್ ಮುಂದ ಹೋಗೂದಿಲ್ಲ. ಸಾಧ್ಯ ಇದ್ರ ಹೋಗೂ ಮೊದಲ ಪಾಸ್‌ಪೋರ್ಟಿನ್ಯಾಗ ಸರ್‌ನೇಮ್ ಸೇರಿಸ್ರಿ. ಆದ್ರ ಹೊಸ ಪಾಸ್‌ಪೋರ್ಟಿನ ಹೆಸರು ಹಳೇ ಅಮೆರಿಕ ವೀಸಾಕ್ಕ ಹೊಂದೂದಿಲ್ಲ, ಅದನ್ನೂ ವಿಚಾರ ಮಾಡ್ರಿ. ಈ ಸಲಕ್ಕ ಹಂಗ ಹೋಗೂದಿದ್ರ ಟಿಕೆಟ್, ಹೋಟೆಲ್, ಆಮಂತ್ರಣ, ಲಸಿಕೆ ಕಾರ್ಡ್ ಎಲ್ಲಾದ್ರಾಗೂ ಒಂದೇ ನಮೂನಿ ಬರಸ್ರಿ. ಒಂದ್ರಾಗ ಇನಿಶಿಯಲ್, ಇನ್ನೊಂದ್ರಾಗ ಅಪ್ಪನ ಪೂರ್ತಿ ಹೆಸರು ಅಂದ್ರ ಅವರ ಕಣ್ಣಿಗೆ ಇಬ್ಬರು ಮನಷ್ಯಾರು.

ಎರಡನೇದು ಅಪೋಸ್ಟಿಲ್, ಅಂದ್ರ ನಮ್ಮ ಕಾಗದ ಖರೇ ಅಂತ ಬೇರೆ ದೇಶ ಒಪ್ಪೂ ಸರ್ಕಾರಿ ಮುದ್ರಿ. ಭಾರತ 2005ರಿಂದ ಆ ಒಪ್ಪಂದದೊಳಗ ಐತಿ. ಮಧ್ಯ ಅಮೆರಿಕದ ಏಳೂ ದೇಶ ಅದರಾಗ ಅದಾವ, ಕೊನೇಕ ಸೇರಿದ್ದು ಗ್ವಾಟೆಮಾಲಾ, 2017ರಾಗ. ಹಿಂಗಾಗಿ ರಾಯಭಾರ ಕಚೇರಿಗೆ ಅಲೆಯೂದು ತಪ್ಪೇತಿ. ಕಂಪನಿ ಕಾಗದದ ದಾರಿ ಹಿಂಗ: ಮೊದಲ ನೋಟರಿ, ಆಮ್ಯಾಲೆ ವಾಣಿಜ್ಯ ಮಂಡಳಿ ಠಸ್ಸೆ, ಆಮ್ಯಾಲೆ ವಿದೇಶಾಂಗ ಇಲಾಖೆ ಅಪೋಸ್ಟಿಲ್. ಬೆಂಗಳೂರಾಗ ವಾಣಿಜ್ಯ ಮಂಡಳಿ ಅಂದ್ರ ಎಫ್‌ಕೆಸಿಸಿಐ. ಇನಕಾರ್ಪೊರೇಶನ್ ಸರ್ಟಿಫಿಕೇಟ್, ಅಧಿಕಾರ ಪತ್ರ, ಟ್ರೇಡ್‌ಮಾರ್ಕ್ ಪ್ರತಿ, ಈ ಮೂರಂತೂ ಮಾಡಿಸಿ ಒಯ್ರಿ. ಸ್ಪ್ಯಾನಿಶ್ ಅನುವಾದ ಮಾತ್ರ ಇಲ್ಲಿ ಮಾಡಿಸಬ್ಯಾಡ್ರಿ. ಅಲ್ಲಿ ಸರ್ಕಾರ ಒಪ್ಪಿದ ಅನುವಾದಕರು ಇರ್ತಾರ, ಅವರ ಸಹಿ ಮುದ್ರಿ ಇಲ್ಲದ್ದನ್ನ ಯಾವ ಕಚೇರಿನೂ ಮುಟ್ಟೂದಿಲ್ಲ. ಇಲ್ಲಿ ಕೊಟ್ಟ ರೊಕ್ಕ ನೀರಾಗ ಹಾಕಿದಂಗ.

ಇನ್ನೊಂದ್ ಮಾತು. ಅಲ್ಲಿ "ನೊತಾರಿಯೊ" ಅಂದ್ರ ಕೋರ್ಟ್ ಮುಂದಿನ ಗಿಡದ ಬುಡಕ ಕೂತು ಠಸ್ಸೆ ಒತ್ತಾಂವ ಅಲ್ಲ. ಆಂವ ಪೂರಾ ವಕೀಲ. ಕರಾರು, ಕಂಪನಿ ನೋಂದಣಿ, ಅಧಿಕಾರ ಪತ್ರ ಎಲ್ಲಾ ಅವನ ದಫ್ತರದಾಗ ಬರೀಬೇಕು. ಫೀ ದೊಡ್ಡದು, ಮೊದಲ ಕೇಳ್ಕೋರಿ.

ಪೀಣ್ಯಪಂಪು:
ಅಬ್ಬಾ, ಇಷ್ಟೊಂದು. ಧನ್ಯವಾದ. ಡೀಲರ್‌ಗಳು ಈಗಲೇ "ಇಡೀ ದೇಶಕ್ಕೆ ನಮಗೊಬ್ಬರಿಗೇ ಕೊಡಿ" ಅಂತ ಪತ್ರ ಕೇಳ್ತಿದ್ದಾರೆ. ಕೊಡಬಹುದಾ?

ಧಾರವಾಡದಸ್ತಾವೇಜು:
ಕೊಡಬ್ಯಾಡ್ರಿ! ಲೆಟರ್‌ಹೆಡ್ ಮ್ಯಾಲೆ ಎರಡು ಸಾಲು ಬರದು ಕೊಟ್ರ ಅದೂ ಕರಾರ ಆಗ್ತದ. ಈ ದೇಶಗಳೊಳಗ ವಿದೇಶಿ ಕಂಪನಿಯ ಪ್ರತಿನಿಧಿ, ವಿತರಕರನ್ನ ಕಾಯೂ ಕಾನೂನು ಗಟ್ಟಿ ಅದಾವ. ಕೋಸ್ಟರಿಕಾದ್ದು 1978ರ 6209ನೇ ಕಾನೂನು, ಹೊಂಡುರಾಸಿಂದು 1977ರ 549ನೇ ಡಿಕ್ರಿ. ಕಾನೂನು ಒಪ್ಪೂ ಕಾರಣ ಇಲ್ಲದ ಡೀಲರ್ ಬಿಟ್ರ ಪರಿಹಾರ ಕೊಡಬೇಕಾಗ್ತದ. ಮೊದಲ ವರ್ಷ ಬರೇ ಮಾರಾಟ: ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ಅಷ್ಟ. ಪತ್ರ ಬೇಕೇ ಬೇಕು ಅಂತ ಹಟ ಹಿಡದ್ರ ಇಂಥಾ ಮಾಡೆಲ್, ಇಂಥಾ ದಿನಾಂಕದ ತನಕ, ಇಷ್ಟು ಪಂಪು ತಗೊಂಡ್ರ ಮಾತ್ರ, ಏಕಸ್ವಾಮ್ಯ ಅಲ್ಲ ಅಂತ ಬರೀರಿ. ಅದೂ ಅಲ್ಲಿನ ವಕೀಲರು ಓದಿದ ಮ್ಯಾಲೆ.

ಬ್ರ್ಯಾಂಡ್ ಹೆಸರು ನೀವ ನೋಂದಾಯಿಸ್ರಿ. ಅಲ್ಲಿ ಯಾರು ಮೊದಲ ಅರ್ಜಿ ಹಾಕ್ತಾರ ಬಹಳ ಸಲ ಅವರದ ಕೈ ಮ್ಯಾಲೆ. ಡೀಲರ್ ತನ್ನ ಹೆಸರಿಲೆ ಹಾಕ್ಕೊಂಡ ಅಂದ್ರ ನಿಮ್ಮ ಪಂಪು ನೀವ ಮಾರಾಕ ಅವನ ಅಪ್ಪಣೆ ಬೇಕು. ಮ್ಯಾಡ್ರಿಡ್ ಪದ್ಧತಿಯೊಳಗ ಇಲ್ಲಿಂದ ಒಂದ ಅರ್ಜಿ ಹಾಕಿ ಮುಗಿಸ್ತೀವಿ ಅಂದ್ರ ಆಗೂದಿಲ್ಲ, ನಿಮ್ಮ ನಾಲ್ಕೂ ದೇಶ ಅದರ ಹೊರಗ. ಒಂದೊಂದು ದೇಶಕ್ಕ ಒಂದೊಂದು ಅರ್ಜಿ.

ತ್ರೀಫೇಸ್:
ಎಲ್ಲರೂ ವೀಸಾ, ವಕೀಲ ಅಂತಿದ್ದೀರಿ. ಪಂಪು ಅಲ್ಲಿ ಓಡುತ್ತಾ ಅಂತ ಯಾರೂ ಕೇಳಲಿಲ್ಲ.

ಅಲ್ಲಿ ಕರೆಂಟು 60 ಹರ್ಟ್ಸ್, ಮನೆಯ ಪ್ಲಗ್ಗಿನಲ್ಲಿ 120 ವೋಲ್ಟ್. ನಮ್ಮ 50 ಹರ್ಟ್ಸಿನ 2 ಪೋಲ್ ಮೋಟಾರು 2,880 ಆರ್‌ಪಿಎಂ ತಿರುಗೋದು ಅಲ್ಲಿ 3,450ರ ಆಸುಪಾಸು. ವೇಗ 1.2 ಪಟ್ಟು ಆದರೆ ನೀರು 1.2 ಪಟ್ಟು, ಹೆಡ್ (ನೀರು ಏರೋ ಎತ್ತರ) 1.44 ಪಟ್ಟು, ಎಳೆಯೋ ಶಕ್ತಿ 1.73 ಪಟ್ಟು. 5 ಎಚ್‌ಪಿ ಪಂಪಿಗೆ ಸುಮಾರು 8.6 ಎಚ್‌ಪಿ ಲೋಡು ಬೀಳುತ್ತೆ. ಡೀಲರ್ ಮುಂದೆ ಸ್ವಿಚ್ ಹಾಕಿದ ತಕ್ಷಣ ನೀರು ಜೋರಾಗಿ ಬರುತ್ತೆ, ಎಲ್ಲರೂ ಚಪ್ಪಾಳೆ ಹೊಡೀತಾರೆ. ಅರ್ಧ ಗಂಟೆಗೆ ಓವರ್‌ಲೋಡ್ ಟ್ರಿಪ್ಪು, ಅದಿಲ್ಲದಿದ್ದರೆ ವೈಂಡಿಂಗ್ ಸುಟ್ಟ ವಾಸನೆ.

ಪರಿಹಾರ ಎರಡು. 60 ಹರ್ಟ್ಸಿಗೆ ಅಂತಲೇ ವೈಂಡಿಂಗ್ ಮಾಡಿಸಿ, ಇಂಪೆಲ್ಲರನ್ನು (ಒಳಗೆ ತಿರುಗಿ ನೀರು ತಳ್ಳೋ ಚಕ್ರ) ಲೇತಿನಲ್ಲಿ ಸುಮಾರು ಆರನೇ ಒಂದು ಭಾಗ ಇಳಿಸೋದು: 150 ಮಿ.ಮೀ. ಇದ್ದರೆ 125. ಹೆಡ್ ಹಳೇ ಲೆಕ್ಕಕ್ಕೆ ಬರುತ್ತೆ. ಇಳಿಸಿದ ಮೇಲೆ ಟೆಸ್ಟ್ ಬೆಡ್‌ನಲ್ಲಿ ಕರ್ವ್ ಮತ್ತೆ ತೆಗೀಬೇಕು, ದಕ್ಷತೆ ಸ್ವಲ್ಪ ಬೀಳುತ್ತೆ. ಇಲ್ಲವೇ ಹೊಸ ಪ್ಯಾಟರ್ನ್. ಪೀಣ್ಯದಲ್ಲೇ ಟೆಸ್ಟ್ ಮಾಡೋಕೆ 60 ಹರ್ಟ್ಸ್ ಕೊಡೋ ಡ್ರೈವ್, ಅಂದರೆ ವಿಎಫ್‌ಡಿ ಸಾಕು.

ಸಿಂಗಲ್ ಫೇಸು 240 ವೋಲ್ಟ್ ಸಿಗುತ್ತೆ, ಆದರೆ ಅದು ಎರಡು 120ರ ತಂತಿ ಸೇರಿದ್ದು. ಎರಡೂ ಲೈವ್, ನ್ಯೂಟ್ರಲ್ ಅಲ್ಲ. ಒಂದೇ ತಂತಿ ಕಡಿಯೋ ಸ್ವಿಚ್ ಹಾಕಿದರೆ ಪಂಪು ನಿಂತ ಮೇಲೂ ಮೋಟಾರಲ್ಲಿ ಕರೆಂಟು ಇರುತ್ತೆ. ಎರಡೂ ಕಡಿಯೋ ಬ್ರೇಕರ್ ಬೇಕು. ತ್ರೀಫೇಸು 208, 240, 480 ಮೂರೂ ಇವೆ. "ತ್ರೀಫೇಸ್" ಅಂತ ಆರ್ಡರ್ ಬಂದರೆ ಒಪ್ಪಬೇಡಿ, ಈಗಿರೋ ಮೋಟಾರಿನ ನೇಮ್‌ಪ್ಲೇಟ್ ಫೋಟೊ ವಾಟ್ಸಾಪಿಗೆ ಹಾಕಿಸಿ.

ಪೈಪಿನ ತ್ರೆಡ್ಡು: ನಮ್ಮದು ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆ, ಅವರದು ಎನ್‌ಪಿಟಿ, ಅಂದರೆ ಅಮೆರಿಕದ್ದು. ಅರ್ಧ, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ತ್ರೆಡ್ಡು, ಆದ್ದರಿಂದ ತಿರುಗಿಸಿದರೆ ಕೂತ ಹಾಗೆ ಅನ್ಸುತ್ತೆ. ಕೋನ ಬೇರೆ, 55 ಮತ್ತು 60 ಡಿಗ್ರಿ. ಎಷ್ಟು ಟೆಫ್ಲಾನ್ ಸುತ್ತಿದರೂ ತೊಟ್ಟಿಕ್ಕುತ್ತೆ. 1 ಇಂಚಿಗೆ ಬಂದರೆ 11 ಮತ್ತು 11.5, ಎರಡು ಮೂರು ಸುತ್ತಿಗೆ ಕಚ್ಚಿಕೊಂಡು ನಿಲ್ಲುತ್ತೆ. ಸ್ಯಾಂಪಲ್ ಪಂಪಿಗೇ ಎನ್‌ಪಿಟಿ ಫ್ಲ್ಯಾಂಜ್ ಹಾಕಿ ಒಯ್ಯಿರಿ.

ಕ್ಯಾಟಲಾಗಿನಲ್ಲಿ ಎಲ್‌ಪಿಎಂ (ನಿಮಿಷಕ್ಕೆ ಲೀಟರ್) ಜೊತೆ ಜಿಪಿಎಂ (ನಿಮಿಷಕ್ಕೆ ಗ್ಯಾಲನ್) ಹಾಕಿ. ಅವರು ಮಾತಾಡೋದು ಅಮೆರಿಕದ ಗ್ಯಾಲನ್, ಪಿಎಸ್‌ಐ, ಇಂಚು. 100 ಎಲ್‌ಪಿಎಂ ಅಂದರೆ 26.4 ಜಿಪಿಎಂ.

ಏಲಕ್ಕಿಪೇಟೆ:
ತ್ರೀಫೇಸ್ ಅವರ ಮಾತಿಗೆ ಸೇರಿಸ್ತೀನಿ. ಗ್ವಾಟೆಮಾಲಾ ಅಂದರೆ ಸಕಲೇಶಪುರದ ಕಡೆಯವರಿಗೆ ಹೊಟ್ಟೆ ಉರಿಯೋ ಹೆಸರು, ಪ್ರಪಂಚದಲ್ಲೇ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡೋ ದೇಶ. ನಿಮಗೆ ಬೇಕಾದ್ದು ಅಲ್ಲಿನ ಕಾಫಿ. ಹಣ್ಣು ಪಲ್ಪಿಂಗ್ ಮಾಡಿ ತೊಳೆಯೋ ಘಟಕಕ್ಕೆ "ಬೆನೆಫಿಸಿಯೊ ಉಮೆದೊ" ಅಂತಾರೆ, ನಮ್ಮ ಪಲ್ಪರ್ ಹೌಸ್ ಇದ್ದ ಹಾಗೆ. ಪಂಪು ಬೇಕಾಗೋದು ಅಲ್ಲಿ. ಕೊಯ್ಲು ಮಾರ್ಚ್ ಹೊತ್ತಿಗೆ ಮುಗೀತಾ ಬಂದಿರುತ್ತೆ, ಜನ ಮಾತಿಗೆ ಸಿಗ್ತಾರೆ.

ವಿಳಾಸ ಓದೋದು ಕಲೀರಿ. ಗ್ವಾಟೆಮಾಲಾ ಸಿಟಿಯಲ್ಲಿ ಅವೆನಿದಾ ಅಂದರೆ ಉತ್ತರ-ದಕ್ಷಿಣ ರಸ್ತೆ, ಕಾಯೆ ಅಂದರೆ ಪೂರ್ವ-ಪಶ್ಚಿಮ ರಸ್ತೆ. "6 ಅವೆನಿದಾ 12-34 ಸೋನಾ 10" ಅಂದರೆ 6ನೇ ಅವೆನಿದಾದಲ್ಲಿ 12ನೇ ಕಾಯೆ ದಾಟಿ ಸುಮಾರು 34 ಮೀಟರ್, 10ನೇ ವಲಯ. ವಲಯದ ಸಂಖ್ಯೆ ಬಿಟ್ಟರೆ ಕೆಟ್ಟಿರಿ, ಅದೇ 6 ಅವೆನಿದಾ 12-34 ಬೇರೆ ವಲಯದಲ್ಲೂ ಇರಬಹುದು. ಹೋಟೆಲ್ 10 ಅಥವಾ 14ನೇ ವಲಯದಲ್ಲಿ ಹಿಡೀರಿ, ವಿಮಾನ ನಿಲ್ದಾಣ 13ನೇ ವಲಯದಲ್ಲೇ ಇದೆ. ಸಂಜೆ 4ರ ಮೇಲೆ ಊರಿನ ಆ ತುದಿಗೆ ಮೀಟಿಂಗ್ ಇಟ್ಟುಕೊಳ್ಳಬೇಡಿ. ಅಲ್ಲಿನವರು ಬೆಳಗ್ಗೆ 7ಕ್ಕೆ ತಿಂಡಿ ಮೀಟಿಂಗ್ ಕರೀತಾರೆ, ಖುಷಿಯಾಗಿ ಒಪ್ಪಿ.

ಅಂಗಡಿಯಲ್ಲಿ ದುಡ್ಡು ಕೊಡುವಾಗ "ನಿತ್?" ಅಂತ ಕೇಳ್ತಾರೆ. ಅದು ತೆರಿಗೆ ಸಂಖ್ಯೆ. "ಸೆ ಎಫೆ" ಅನ್ನಿ, ಅಂದರೆ ಕೊನೆಯ ಗ್ರಾಹಕ. ಬಿಲ್ಲು 2,500 ಕೆತ್ಸಾಲ್ (ಅಲ್ಲಿನ ದುಡ್ಡು) ಮೀರಿದರೆ ಅದು ನಡೆಯಲ್ಲ, ಪಾಸ್‌ಪೋರ್ಟ್ ಸಂಖ್ಯೆ ಕೊಡಿ.

ತೀರ್ಥಹಳ್ಳಿಟಿಕೊ:
ವಿಳಾಸದಲ್ಲಿ ಗ್ವಾಟೆಮಾಲಾನೇ ಸುಲಭ ಕಣ್ರೀ. ಸಾನ್ ಹೊಸೆಯಲ್ಲಿ ಮನೆ ನಂಬರ್ ಹೇಳೋರು ಸಿಗೋದೇ ಕಷ್ಟ. "ಚರ್ಚಿಂದ 200 ಮೀಟರ್ ಉತ್ತರ, 50 ಪೂರ್ವ" ಅಂತ ಲೆಟರ್‌ಹೆಡ್ಡಿನಲ್ಲೇ ಅಚ್ಚು ಹಾಕಿರ್ತಾರೆ. ಅಲ್ಲಿ 100 ಮೀಟರ್ ಅಂದ್ರೆ ಟೇಪಿನ ಅಳತೆ ಅಲ್ಲ, ಒಂದು ಕ್ರಾಸ್. ಸಾನ್ ಪೆದ್ರೊ ಬಡಾವಣೆಯಲ್ಲಿ ಹಳೇ ಅತ್ತಿ ಜಾತಿಯ ಮರವೊಂದರ ಗುರುತು ಹೇಳ್ತಾರೆ, ಆ ಮರ ಹೋಗಿ ಎಷ್ಟೋ ಕಾಲ ಆಯ್ತು. ನಕ್ಷೆಯ ಪಿನ್ ಕಳಿಸಿ ಅಂತ ಕೇಳಿ, ವೇಸ್ ಆ್ಯಪ್ ಹಾಕ್ಕೊಳ್ಳಿ.

ಮನಾಗುವಾ ಇನ್ನೂ ಮಜಾ. 1972ರ ಡಿಸೆಂಬರ್ ಭೂಕಂಪದಲ್ಲಿ ಊರಿನ ನಡುಭಾಗ ನೆಲಸಮ ಆಯ್ತು, ಆದರೆ ಬಿದ್ದ ಕಟ್ಟಡಗಳ ಗುರುತಿನ ಮೇಲೇ ಇನ್ನೂ ದಾರಿ ಹೇಳ್ತಾರೆ. ದಿಕ್ಕಿಗೆ ಉತ್ತರ ಅನ್ನಲ್ಲ, "ಕೆರೆ ಕಡೆಗೆ" ಅಂತಾರೆ. ಪೂರ್ವ ಅಂದ್ರೆ "ಮೇಲೆ", ಪಶ್ಚಿಮ ಅಂದ್ರೆ "ಕೆಳಗೆ", ಸೂರ್ಯ ಹುಟ್ಟೋದು, ಮುಳುಗೋದು ಲೆಕ್ಕ. ಘಟ್ಟದ ಕೆಳಗೆ ಅಂದ್ರೆ ಪಡುವಣ ಅಂತ ಗೊತ್ತಿರೋ ನಮ್ಮ ಕಡೆಯವರಿಗೆ ಒಂದು ದಿನದಲ್ಲಿ ರೂಢಿ ಆಗತ್ತೆ. ದೂರಕ್ಕೆ "ವಾರಾ", ಸುಮಾರು 84 ಸೆಂ.ಮೀ. ಆದರೂ ಈ ಸಲ ಮನಾಗುವಾ ಬಿಡಿ, ವೀಸಾದ್ದೇ ಒಂದು ಬೇರೆ ಕೆಲಸ. ಹೋಗೋ ದಿನ ಬಂದ್ರೆ ಡ್ರೋನ್ ಮಾತ್ರ ಒಯ್ಯಬೇಡಿ, ಏರ್‌ಪೋರ್ಟಲ್ಲೇ ಕಿತ್ತುಕೊಳ್ತಾರೆ. ರಾಜಕೀಯ ಮಾತೂ ಬೇಡ.

ಸಾನ್ ಹೊಸೆಯಲ್ಲಿ ಬಾಡಿಗೆ ಕಾರು ತಗೊಂಡ್ರೆ ನಂಬರ್ ಪ್ಲೇಟಿನ ಕೊನೇ ಅಂಕಿ ನೋಡಿ. ಸೋಮವಾರ 1, 2. ಮಂಗಳವಾರ 3, 4. ಹೀಗೆ ಶುಕ್ರವಾರ 9, 0. ಆ ದಿನ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ವರ್ತುಲ ರಸ್ತೆ ಒಳಗೆ ಬಿಡಲ್ಲ. ಬಾಡಿಗೆ ಕಾರಿಗೂ ದಂಡ. ಟ್ಯಾಕ್ಸಿ ಕೆಂಪು ಬಣ್ಣ, ಬಾಗಿಲ ಮೇಲೆ ಹಳದಿ ತ್ರಿಕೋನ, ಮೀಟರಿಗೆ "ಮರಿಯಾ" ಅಂತ ಹೆಸರು. ಹತ್ತಿದ ಕೂಡಲೇ "ಲಾ ಮರಿಯಾ, ಪೊರ್ ಫವೊರ್" ಅನ್ನಿ. ಏರ್‌ಪೋರ್ಟಿನ ಟ್ಯಾಕ್ಸಿ ಮಾತ್ರ ಕಿತ್ತಳೆ.

ಭಾಷೆ: ದೊಡ್ಡ ಆಮದುದಾರರಲ್ಲಿ ಇಂಗ್ಲಿಷ್ ಬಲ್ಲವರು ಇರ್ತಾರೆ, ಆದರೆ ಗೋಡೌನಿನವರು, ಮೆಕ್ಯಾನಿಕ್ಕು, ಲೆಕ್ಕದವರು ಬರೀ ಸ್ಪ್ಯಾನಿಶ್. ಪಂಪು ಬೇಕೋ ಬೇಡವೋ ಅಂತ ಹೇಳೋದು ಆ ಮೆಕ್ಯಾನಿಕ್ಕೇ. ದಿನಕ್ಕೊಬ್ಬ ದುಭಾಷಿ ಇಟ್ಟುಕೊಳ್ಳಿ. "ಇಂಹೆನಿಯೆರೊ", "ಲಿಸೆನ್ಸಿಯಾದೊ" ಅಂತ ಪದವಿ ಸೇರಿಸಿ ಕರೀಬೇಕು, ನಮ್ಮಲ್ಲಿ ಮೇಷ್ಟ್ರೇ, ಡಾಕ್ಟ್ರೇ ಅನ್ನೋ ಹಾಗೆ. ಹೆಸರಿನ ಕೊನೇ ಪದ ಅವ್ವನ ಮನೆತನದ್ದು, ಅದರಿಂದ ಕರೀಬೇಡಿ, ಅದಕ್ಕೂ ಹಿಂದಿನದು ಹಿಡೀರಿ. "ಉಸ್ತೆದ್" ನಮ್ಮ ನೀವು, "ವೊಸ್" ನೀನು. ಅವರಾಗಿ ವೊಸ್‌ಗೆ ಇಳಿಯೋ ತನಕ ಉಸ್ತೆದ್.

"ಬೇಡ" ಅಂತ ಮುಖಕ್ಕೆ ಹೇಳಲ್ಲ ಆ ಜನ. "ವಾಮೊಸ್ ಅ ವೆರ್" ಅಂದ್ರೆ ನಮ್ಮ "ನೋಡೋಣ ಬಿಡಿ". "ಲೆ ಅವೀಸೊ" ಅಂದ್ರೆ "ಹೇಳಿ ಕಳಿಸ್ತೀನಿ". ಎರಡಕ್ಕೂ ಅರ್ಥ ನಿಮಗೇ ಗೊತ್ತು. ಬೆಲೆಪಟ್ಟಿ ಇಟ್ಟುಕೊಂಡು ಬಿಡಿಭಾಗದ ದರ ಕೇಳಿದ್ರೆ ಮಾತ್ರ ಆಸಕ್ತಿ ಇದೆ ಅಂತ.

ಸೊಪ್ಪಿನಸಾರು:
ಊಟದ ವಿಷಯ ಯಾರೂ ಬರೆದಿಲ್ಲ, ನಾನು ಹೇಳ್ತೀನಿ. "ಸಿನ್ ಕಾರ್ನೆ" ಅಂದರೆ ಸಾಕಾಗಲ್ಲ. ಕಾರ್ನೆ ಅಂದರೆ ಅವರ ಕಿವಿಗೆ ದನದ ಮಾಂಸ, ಆದ್ದರಿಂದ ಕೋಳಿ ಹಾಕಿ ತಂದು ನಗುನಗುತ್ತಾ ಇಡ್ತಾರೆ. ಉದ್ದಕ್ಕೆ ಹೇಳಬೇಕು: "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಉವೆವೊ." ಇಷ್ಟಾದ ಮೇಲೂ ಎರಡು ಕಡೆ ಸಿಕ್ಕಿಹಾಕಿಕೊಳ್ತೀರಿ. ಕಪ್ಪು ಅಥವಾ ಕೆಂಪು ಹುರುಳಿಕಾಯಿ ಬೀಜವನ್ನು ಅರೆದು ಹುರಿಯೋದು ಹೆಚ್ಚಾಗಿ ಹಂದಿ ಕೊಬ್ಬಿನಲ್ಲಿ. ಅನ್ನ ಬೇಯಿಸುವಾಗ ಕೋಳಿ ಸಾರಿನ ಪುಡಿ ಹಾಕೋದುಂಟು. "ಸಿನ್ ಮಾಂತೆಕಾ, ಸಿನ್ ಕೊನ್ಸೊಮೆ" ಅಂತ ಸೇರಿಸಿ. ಮಾಂತೆಕಾ ಕೊಬ್ಬು, ಮಾಂತೆಕಿಯಾ ಬೆಣ್ಣೆ. ಒಂದಕ್ಷರದಲ್ಲಿ ಊಟ ಕೆಡುತ್ತೆ. ತಮಾಲೆ ಮುಟ್ಟಲೇಬೇಡಿ, ಹಿಟ್ಟಿಗೇ ಕೊಬ್ಬು ಕಲಸಿರ್ತಾರೆ.

ಎಲ್ ಸಾಲ್ವಡಾರಿನ ಪುಪುಸಾ ಸಸ್ಯಾಹಾರಿಗಳ ಆಸರೆ. ಜೋಳದ ಹಿಟ್ಟಿನ ದಪ್ಪ ರೊಟ್ಟಿ, ಒಳಗೆ ಹೂರಣ ತುಂಬಿ ಕಾವಲಿ ಮೇಲೆ ಸುಡೋದು, ಹೋಳಿಗೆ ತಟ್ಟಿದ ಹಾಗೇ ಅಂಗೈಯಲ್ಲಿ ತಟ್ತಾರೆ. ಮೆಕ್ಕೆಜೋಳ ಕಣ್ರೀ, ನಮ್ಮ ಬಿಳಿಜೋಳ ಅಲ್ಲ. "ಕೆಸೊ ಕೊನ್ ಲೊರೊಕೊ" ಕೇಳಿ, ಚೀಸು ಮತ್ತು ಲೊರೊಕೊ ಅನ್ನೋ ಬಳ್ಳಿಯ ಮೊಗ್ಗು. ಇಲ್ಲವೇ "ಅಯೋತೆ", ಕುಂಬಳದ ಜಾತಿ. "ರೆವುವೆಲ್ತಾ" ಬೇಡ, ಅದರಲ್ಲಿ ಹಂದಿ. ಪಕ್ಕಕ್ಕೆ ವಿನೆಗರ್ ಹಾಕಿದ ಎಲೆಕೋಸು. ಕೈಯಲ್ಲೇ ತಿನ್ನೋದು, ಚಮಚ ಕೇಳಿದರೆ ಅವರೇ ನೋಡ್ತಾರೆ. ಸಾನ್ ಹೊಸೆಯಲ್ಲಿ "ಸೋದಾ" ಅಂತ ಚಿಕ್ಕ ಹೋಟೆಲ್ಲುಗಳು ಇರ್ತವೆ, "ಕಸಾದೊ ವೆಹೆತರಿಯಾನೊ" ಹೇಳಿ, ಸಸ್ಯಾಹಾರಿ ತಟ್ಟೆ ಊಟ. ಮೆನುವಿನ ಬೆಲೆಯಲ್ಲಿ 13% ತೆರಿಗೆ, 10% ಸೇವೆ ಸೇರಿದೆಯೇ ನೋಡಿ, ಮತ್ತೆ ಟಿಪ್ಸ್ ಬೇಡ. ಪನಾಮಾದಲ್ಲಿ ಸಿಂಧಿ, ಗುಜರಾತಿ ವ್ಯಾಪಾರಿಗಳು ತಲೆಮಾರುಗಳಿಂದ ಇದ್ದಾರೆ, ದೇವಸ್ಥಾನ, ದಿನಸಿ ಅಂಗಡಿ, ಭಾರತೀಯ ಹೋಟೆಲ್ ಎಲ್ಲಾ ಇದೆ. ಅವಲಕ್ಕಿ, ಚಟ್ನಿಪುಡಿ ಗ್ವಾಟೆಮಾಲಾದ ದಿನಗಳಿಗೆ ಇಟ್ಟುಕೊಳ್ಳಿ.

ಕಡಲತಡಿ:
ದುಡ್ಡು ಮತ್ತು ಸಾಗಣೆ ಬಾಕಿ ಉಂಟು.

ಪನಾಮಾದಲ್ಲಿ ನೋಟು ಡಾಲರ್, ಬಲ್ಬೊವಾ ಅನ್ನುವುದು ನಾಣ್ಯದಲ್ಲಿ ಮಾತ್ರ. ಆ ನಾಣ್ಯ ಬೇರೆ ದೇಶದಲ್ಲಿ ನಡೆಯುವುದಿಲ್ಲ, ಹೊರಡುವ ಮೊದಲು ಖಾಲಿ ಮಾಡಿ. ಎಲ್ ಸಾಲ್ವಡಾರಿನಲ್ಲಿ 2001ರಿಂದ ಡಾಲರೇ. 2021ರ ಬಿಟ್‌ಕಾಯಿನ್ ಗಲಾಟೆಗೆ ತಲೆ ಕೆಡಿಸಿಕೊಳ್ಳಬೇಡಿ, ಅಂಗಡಿಯವರು ಒಪ್ಪಲೇಬೇಕೆಂಬ ನಿಯಮ 2025ರಲ್ಲಿ ತೆಗೆದರು. 50, 100ರ ನೋಟು ಚಿಲ್ಲರೆ ಅಂಗಡಿಯವರು ಮುಟ್ಟುವುದಿಲ್ಲ. 1, 5, 10, 20ರ ನೋಟು ಒಯ್ಯಿರಿ, ಹರಿದದ್ದು, ಪೆನ್ನಿನ ಗೆರೆ ಇದ್ದದ್ದು ಬೇಡ. ಗ್ವಾಟೆಮಾಲಾ, ಕೋಸ್ಟರಿಕಾಕ್ಕೆ ಅವರವರ ದುಡ್ಡು ಎಟಿಎಂನಿಂದ ತೆಗೆಯಿರಿ.

ಬಂದರು ಖರೀದಿದಾರನ ಬಾಯಿಂದಲೇ ಕೇಳಿ ಬರೆಯಬೇಕು. ಗ್ವಾಟೆಮಾಲಾಕ್ಕೆ ಎರಡು ಕಡಲು. ಪೆಸಿಫಿಕ್ ಕಡೆಯ ಪುವೆರ್ತೊ ಕೆತ್ಸಾಲ್ ರಾಜಧಾನಿಯಿಂದ ಸುಮಾರು 100 ಕಿ.ಮೀ., ಅಟ್ಲಾಂಟಿಕ್ ಕಡೆಯ ಸಾಂತೊ ತೋಮಾಸ್ ಸುಮಾರು 300. ಹಡಗಿನ ಸಾಗಣೆ ಪತ್ರದಲ್ಲಿ (ಬಿಲ್ ಆಫ್ ಲೇಡಿಂಗ್, ಬಿಎಲ್) ತಪ್ಪಾದರೆ ಲಾರಿ ಬಾಡಿಗೆಯೇ ಲಾಭ ತಿನ್ನುತ್ತದೆ. ಕೋಸ್ಟರಿಕಾಕ್ಕೂ ಹಾಗೆ, ಕಾಲ್ದೇರಾ ಒಂದು ಕಡೆ, ಮೊಯಿನ್ ಇನ್ನೊಂದು ಕಡೆ. ಪನಾಮಾ ಕಾಲುವೆಯ ಮೇಲೂ ಒಂದು ಕಣ್ಣಿರಲಿ. ಮಳೆ ಕೈಕೊಟ್ಟು 2024ರ ಜನವರಿಯಲ್ಲಿ ದಿನಕ್ಕೆ 36ರ ಬದಲು 24 ಹಡಗು ಮಾತ್ರ ಬಿಟ್ಟಿದ್ದರು. ಮರದ ಪೆಟ್ಟಿಗೆ, ಪ್ಯಾಲೆಟ್ಟಿಗೆ ಐಎಸ್‌ಪಿಎಂ-15 ಮುದ್ರೆ, ಅಂದರೆ ಮರದ ಕೀಟ ನಾಶ ಮಾಡಿದ ಗುರುತು, ಕಡ್ಡಾಯ. ಬಿಎಲ್ ಮತ್ತು ಇನ್‌ವಾಯ್ಸ್ ಎರಡರಲ್ಲೂ ಖರೀದಿದಾರನ ತೆರಿಗೆ ಸಂಖ್ಯೆ ಬೇಕು: ಗ್ವಾಟೆಮಾಲಾದಲ್ಲಿ ನಿತ್, ಹೊಂಡುರಾಸಿನಲ್ಲಿ ಆರ್‌ಟಿಎನ್, ಪನಾಮಾದಲ್ಲಿ ರುಕ್. ಒಂದಂಕಿ ಹೆಚ್ಚುಕಡಿಮೆ ಆದರೂ ತಿದ್ದುಪಡಿ ಪತ್ರ ಬರುವವರೆಗೆ ಕಂಟೇನರ್ ಬಂದರಿನಲ್ಲೇ, ಡೆಮರೇಜ್ (ತಡವಾದ ಬಾಡಿಗೆ) ಮೀಟರ್ ಓಡುತ್ತಿರುತ್ತದೆ.

ಪನಾಮಾ ಸಿಟಿಯಿಂದ 80 ಕಿ.ಮೀ. ಆಚೆ ಕೊಲೋನ್ ಮುಕ್ತ ವಲಯ, 1948ರಿಂದ ಇದೆ. ಅಲ್ಲಿನ ವ್ಯಾಪಾರಿಗಳು ಮರುರಫ್ತು ಮಾಡುವವರು. ಅಲ್ಲಿಗೆ ಹೇಳಿದ ದರ ವಾರದೊಳಗೆ ಗ್ವಾಟೆಮಾಲಾದ ಡೀಲರಿಗೆ ಗೊತ್ತಾಗುತ್ತದೆ ಎಂದೇ ತಿಳಿದು ದರ ಹೇಳಿ.

ಪೀಣ್ಯಪಂಪು:
ಎಲ್ಲಾ ಗುರುತು ಹಾಕ್ಕೊಂಡೆ. ಸದ್ಯಕ್ಕೆ ಹೀಗೆ: ಅಮೆರಿಕದಲ್ಲಿ ಇಳಿದು ಗ್ವಾಟೆಮಾಲಾ 4 ದಿನ, ಸಾನ್ ಹೊಸೆ 3, ಪನಾಮಾ 3, ಉಳಿದದ್ದು ಪ್ರಯಾಣ. 1,130 ಡಾಲರ್ ಜಾರಿಯಲ್ಲಿದ್ದರೆ ಸಾನ್ ಸಾಲ್ವಡಾರಿನ ಡೀಲರನ್ನೇ ಗ್ವಾಟೆಮಾಲಾಗೆ ಕರೆಸೋದು. ಬಸ್ಸಿದೆಯಲ್ಲಾ?

ಏಲಕ್ಕಿಪೇಟೆ:
ಇದೆ, ಸುಮಾರು 5 ಗಂಟೆ, ಅವರು ಬಂದುಹೋಗೋದು ಮಾಮೂಲು. ಈಸ್ಟರ್ ವಾರ ಮಾತ್ರ ನೋಡಿಕೊಳ್ಳಿ. ಅದು ಕೆಲವು ವರ್ಷ ಮಾರ್ಚ್ ಕೊನೆಗೇ ಬೀಳುತ್ತೆ. ಆ ವಾರ ಬುಧವಾರ ಮಧ್ಯಾಹ್ನದಿಂದಲೇ ಕಚೇರಿಗೆ ಬೀಗ, ಎಲ್ಲರೂ ಸಮುದ್ರಕ್ಕೆ.

ತೀರ್ಥಹಳ್ಳಿಟಿಕೊ:
ಅಪಾಯಿಂಟ್‌ಮೆಂಟ್ ಹಿಂದಿನ ದಿನ ವಾಟ್ಸಾಪಿನಲ್ಲಿ ಖಾತ್ರಿ ಮಾಡಿ. ಫ್ಯಾಕ್ಟರಿ ಜೊತೆ ಮಾತಾಡೋಕೆ ಸಮಯ ಲೆಕ್ಕ: ಸಾನ್ ಹೊಸೆ, ಗ್ವಾಟೆಮಾಲಾ ನಮಗಿಂತ 11 ಗಂಟೆ 30 ನಿಮಿಷ ಹಿಂದೆ, ಪನಾಮಾ 10 ಗಂಟೆ 30 ನಿಮಿಷ. ಗ್ವಾಟೆಮಾಲಾದಲ್ಲಿ ಬೆಳಗ್ಗೆ 7 ಅಂದ್ರೆ ಪೀಣ್ಯದಲ್ಲಿ ಸಂಜೆ 6:30. ದರ ಕೇಳೋದು ಏನಿದ್ದರೂ ತಿಂಡಿಗೆ ಮೊದಲೇ ಕೇಳಿಬಿಡಿ.

ಧಾರವಾಡದಸ್ತಾವೇಜು:
ಕೊಟೇಶನ್ನಿನಾಗ 1,25,000.00 ಅಂತ ಲಕ್ಷದ ಅಲ್ಪವಿರಾಮ ಹಾಕಬ್ಯಾಡ್ರಿ. ಟೈಪಿಂಗ್ ತಪ್ಪು ಅಂತ ವಾಪಸ್ ಕಳಸ್ತಾರ. 125,000.00 ಅನ್ರಿ. ಕೋಸ್ಟರಿಕಾದಾಗ ಅದೂ ಉಲ್ಟಾ, ದಶಾಂಶಕ್ಕ ಅಲ್ಪವಿರಾಮ, ಸಾವಿರಕ್ಕ ಚುಕ್ಕಿ ಬರೀತಾರ. ಅದಕ್ಕ ಮೊತ್ತ ಅಕ್ಷರದಾಗೂ ಬರದ್ ಬಿಡ್ರಿ, ಸ್ಪ್ಯಾನಿಶಿನ್ಯಾಗ.

ತ್ರೀಫೇಸ್:
ಮತ್ತೆ ನೇಮ್‌ಪ್ಲೇಟ್ ಬದಲಾಯಿಸೋದು ಮರೀಬೇಡಿ. 60 ಹರ್ಟ್ಸಿಗೆ ವೈಂಡಿಂಗ್ ಮಾಡಿ, ಮೇಲೆ ಹಳೇ 50 ಹರ್ಟ್ಸಿನ ಪ್ಲೇಟೇ ರಿವೆಟ್ ಹೊಡೆದರೆ ಮೆಕ್ಯಾನಿಕ್ಕು ಮೊದಲು ಓದೋದು ಅದನ್ನೇ.